ಹಳೇ ಕ್ಯಾರವಾನ್ ಸರಿಮಾಡುವುದು: ಬಣ್ಣದ ಡಬ್ಬ ಆಮೇಲೆ ತೆಗೆಯಿರಿ, ಮೊದಲು ನೀರು ನಿಲ್ಲಿಸಿ

ಸರ್, ನಮಸ್ಕಾರ. ನಿಮ್ಮ ಪ್ರಶ್ನೆ ಓದಿ ಬಹಳ ಖುಷಿಯಾಯಿತು. ಕೊಡಗಿನ ಎಸ್ಟೇಟ್ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿದ್ದ ಹಳೇ ಕ್ಯಾರವಾನ್, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಗಾಡಿ, ನಿಮಗೆ ಸಿಕ್ಕಿದೆ. ಮದ್ದೂರಿನ ತೋಟಕ್ಕೆ ತಂದು ನೀವೇ ರಿಪೇರಿ ಮಾಡಬೇಕು ಅಂತಿದ್ದೀರಿ. ವೆಲ್ಡಿಂಗ್ ಶಾಪಿನವರು ಛಾಸಿ ಪೂರ್ತಿ ತೆಗೆದು ಕಬ್ಬಿನ ಟ್ರೇಲರ್ ಥರ ದಪ್ಪ ಚಾನೆಲ್ ಹಾಕೋಣ ಅಂದಿದ್ದಾರೆ. ಬಡಗಿ ತೇಗ ಮತ್ತು 18 ಮಿ.ಮೀ. ಪ್ಲೈವುಡ್ ಹೇಳಿದ್ದಾರೆ. ದಸರಾಕ್ಕೆ ಮುಂಚೆ ಬಣ್ಣ ಹೊಡೆಸಬೇಕು ಅನ್ನೋದು ನಿಮ್ಮ ಆಸೆ.

ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಮೂರನ್ನೂ ಸದ್ಯಕ್ಕೆ ತಡೆಯಿರಿ. ಹಳೇ ಕ್ಯಾರವಾನ್ ಹಾಳಾಗುವುದು ಎರಡೇ ಕಾರಣಕ್ಕೆ. ಒಂದು, ಕೀಲುಗಳಲ್ಲಿ ಒಳಗೆ ಇಳಿಯುವ ನೀರು. ಇನ್ನೊಂದು, ರಿಪೇರಿ ಹೆಸರಲ್ಲಿ ನಾವೇ ಏರಿಸುವ ತೂಕ. ಇವೆರಡನ್ನು ಹಿಡಿತದಲ್ಲಿ ಇಟ್ಟುಕೊಂಡರೆ ಉಳಿದ ಕೆಲಸ ನಿಧಾನಕ್ಕೆ ಆಗುತ್ತದೆ.

ಮೊದಲು ತರುವ ವಿಷಯ. ಅದರ ಟೈರಿನ ಮೇಲೆ ಓಡಿಸಿಕೊಂಡು ಬರಬೇಡಿ. ಟೈರಿನ ಮೇಲಿನ ಅಚ್ಚು ಚೆನ್ನಾಗಿ ಕಂಡರೂ ರಬ್ಬರ್ ಒಳಗೊಳಗೇ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಟೈರಿನ ಪಕ್ಕದಲ್ಲಿ ತಯಾರಿಯ ಅಂಕಿ ಇರುತ್ತದೆ, ನೋಡಿ. 2319 ಅಂದರೆ 2019ನೇ ಇಸವಿಯ 23ನೇ ವಾರ. ಮೂರೇ ಅಂಕಿ ಇದ್ದರೆ ಅದು 2000ಕ್ಕೂ ಮುಂಚಿನ ಟೈರು. ಆರೇಳು ವರ್ಷ ದಾಟಿದ ಟೈರನ್ನು ಕ್ಯಾರವಾನಿಗೆ ನಂಬಬಾರದು. ಬೇರಿಂಗಿನ ಗ್ರೀಸ್ ಕೂಡ ಒಣಗಿ ಮೇಣದ ಹಾಗೆ ಆಗಿರುತ್ತದೆ. ಆದ್ದರಿಂದ ತಗ್ಗು ಲಾರಿಯ ಮೇಲೆ ಏರಿಸಿ ತನ್ನಿ. ಮೈಸೂರಿನಿಂದ ಮುಂದೆ ಪರಿಚಯದವರ ಟ್ರ್ಯಾಕ್ಟರಿಗೆ ಕಟ್ಟಿ ತರುತ್ತೇನೆ ಅಂತ ಬರೆದಿದ್ದೀರಿ. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಟ್ರ್ಯಾಕ್ಟರ್ ಬಿಡುವುದಿಲ್ಲ, ಹಿಂದೆ ಟ್ರೇಲರ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಸರ್ವಿಸ್ ರಸ್ತೆಯಲ್ಲೇ ಬರಬೇಕಾಗುತ್ತದೆ. ಲಾರಿಯನ್ನೇ ಮದ್ದೂರಿನವರೆಗೆ ಮಾತಾಡಿಕೊಳ್ಳುವುದು ವಾಸಿ.

ದುಡ್ಡು ಕೊಡುವ ಮುಂಚೆ ಕಾಗದ ಕೇಳಿ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಟ್ರೇಲರ್ ಕೂಡ ವಾಹನವೇ. ಎಂಜಿನ್ ಇಲ್ಲ ಅಂತ ನೋಂದಣಿ ತಪ್ಪುವುದಿಲ್ಲ. ಕೆಎ ಸರಣಿ ಬರುವ ಮುಂಚಿನ ನಂಬರ್ ಇದ್ದರೂ ಪರವಾಗಿಲ್ಲ, ಹಳೇ ಆರ್‌ಸಿ ಪುಸ್ತಕ ಕೈಗೆ ಬಂದರೆ ಅರ್ಧ ತಲೆನೋವು ಕಳೆದ ಹಾಗೆ. ಸ್ವಂತ ಬಳಕೆಯ ವಾಹನದ ನೋಂದಣಿ 15 ವರ್ಷ ಇರುತ್ತದೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ. ನಿಮಗೆ ಮಂಡ್ಯದ ಕೆಎ-11 ಕಚೇರಿ. ಕೆಲಸ ಶುರು ಮಾಡುವ ಮುಂಚೆಯೇ ಅಲ್ಲಿ ಹೋಗಿ ವಿಚಾರಿಸಿ. ಛಾಸಿ ನಂಬರ್ ಕೊರೆದಿರುವ ಜಾಗವನ್ನು ಯಾರೂ ಕತ್ತರಿಸದಂತೆ, ಉಜ್ಜದಂತೆ ನೋಡಿಕೊಳ್ಳಿ. ಛಾಸಿ ಬದಲಿಸಬೇಡಿ ಅಂತ ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಗಾಡಿ ಮನೆ ಸೇರಿದ ಮೇಲೆ ಒಂದು ಉದ್ದನೆಯ ಸ್ಕ್ರೂಡ್ರೈವರ್ ಹಿಡಿದು ಒಳಗೆ ಕೂತುಕೊಳ್ಳಿ. ಆತುರ ಬೇಡ. ಆ ಕಾಲದ ಹೆಚ್ಚಿನ ಕ್ಯಾರವಾನ್‌ಗಳ ಕಟ್ಟಡ ಒಂದೇ ರೀತಿ. ಕೆಳಗೆ ಕಬ್ಬಿಣದ ಛಾಸಿ, ಅದರ ಮೇಲೆ ಸಣ್ಣ ಮರದ ರೀಪರ್‌ಗಳ ಚೌಕಟ್ಟು, ಹೊರಗೆ ತೆಳು ಅಲ್ಯೂಮಿನಿಯಂ ಶೀಟ್, ಒಳಗೆ ತೆಳು ಪ್ಲೈ ಅಥವಾ ಹಾರ್ಡ್‌ಬೋರ್ಡ್. ಹೊರಗಿನ ಶೀಟ್ ಫಳಫಳ ಹೊಳೆಯುತ್ತಿದ್ದರೂ ಒಳಗಿನ ಮರ ಪುಡಿಪುಡಿ ಆಗಿರಬಹುದು. ಕಿಟಕಿಯ ಕೆಳಗಿನ ಮೂಲೆ, ಬಾಗಿಲ ಬುಡ, ಚಕ್ರದ ಕಮಾನಿನ ಸುತ್ತ, ಚಾವಣಿ ಗೋಡೆಗೆ ಸೇರುವ ಅಂಚು, ನೆಲದ ನಾಲ್ಕು ಅಂಚು. ಇಷ್ಟು ಕಡೆ ಚುಚ್ಚಿ ನೋಡಿ. ಸ್ಕ್ರೂಡ್ರೈವರ್ ಸಲೀಸಾಗಿ ಇಳಿದರೆ ಆ ಮರ ಹೋಯಿತು ಅಂತಲೇ ಲೆಕ್ಕ. ಗೋಡೆಯ ಮೇಲೆ ಕಂದು ಕಲೆ ಕಂಡರೆ ನೀರು ಅದರ ನೇರದಲ್ಲೇ ಬಂದಿದೆ ಅಂದುಕೊಳ್ಳಬೇಡಿ. ಮೇಲೆ ಎಲ್ಲೋ ನುಗ್ಗಿ, ರೀಪರ್ ಹಿಡಿದು ಹರಿದು, ಇಲ್ಲಿ ಇಳಿದಿರುತ್ತದೆ. ನಮ್ಮ ಕಡೆ ಇದರ ಜೊತೆಗೆ ಗೆದ್ದಲು ಬೇರೆ. ಕೊಡಗಿನ ತೇವದಲ್ಲಿ ನಿಂತಿದ್ದ ಗಾಡಿ, ತಟ್ಟಿ ನೋಡಿ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ.

ಒಂದು ಎಚ್ಚರಿಕೆ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಒಲೆಯ ಹಿಂದಿನ ಬೂದು ಬಣ್ಣದ ಶೀಟ್ ಕಲ್ನಾರಿನದಾಗಿರಬಹುದು. ಬಣ್ಣವನ್ನು ಒಣ ಉಜ್ಜುವುದು, ಆ ಶೀಟನ್ನು ಒಡೆಯುವುದು ಎರಡೂ ಬೇಡ. ಬಣ್ಣವನ್ನು ನೀರು ಹಾಕಿ ಉಜ್ಜಿ, ಒಳ್ಳೆಯ ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಇನ್ನು ಬಿಚ್ಚುವ ಕೆಲಸ. ಹುಮ್ಮಸ್ಸಿನಲ್ಲಿ ಎಲ್ಲ ಶೀಟ್ ಒಂದೇ ಸಲ ಕಿತ್ತು ಹಾಕುತ್ತಾರೆ, ಅಲ್ಲೇ ಗಾಡಿ ಕೈ ತಪ್ಪುವುದು. ಆ ತೆಳು ರೀಪರ್‌ಗಳು ನೆಟ್ಟಗೆ ನಿಂತಿರುವುದೇ ಹೊರಗಿನ ಶೀಟಿನ ಬಿಗಿಯಿಂದ. ಶೀಟ್ ಬಿಚ್ಚಿದ ಕೂಡಲೇ ಚೌಕಟ್ಟು ಒಂದು ಕಡೆ ವಾಲುತ್ತದೆ. ಆಮೇಲೆ ಹಳೇ ಶೀಟ್ ಕೂರುವುದಿಲ್ಲ, ಬಾಗಿಲು ಮುಚ್ಚುವುದಿಲ್ಲ. ಅದಕ್ಕೇ ಮೊದಲು ಛಾಸಿಯನ್ನು ಮಟ್ಟ ಮಾಡಿ ಗಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಮೂಲೆಯಲ್ಲಿ ಇಳಿಬಿಡುವ ಕಾಲುಗಳು ಗಾಡಿ ಅಲ್ಲಾಡದಿರಲಿ ಅಂತ ಇರುವುದು, ಅದರ ಮೇಲೆ ಜಾಕ್ ಹಾಕಿದ ಹಾಗೆ ಭಾರ ಬಿಡಬೇಡಿ. ಒಳಗೆ ಅಡ್ಡ ಮತ್ತು ಓರೆ ರೀಪರ್ ಹೊಡೆದು ಬಿಗಿ ಮಾಡಿ. ನಂತರ ಒಂದೊಂದೇ ಪಕ್ಕ ಬಿಚ್ಚಿ, ಸರಿಮಾಡಿ, ಮುಚ್ಚಿ, ಇನ್ನೊಂದಕ್ಕೆ ಹೋಗಿ. ಪ್ರತಿ ತುಂಡಿನ ಫೋಟೊ ತೆಗೆಯಿರಿ, ನಂಬರ್ ಬರೆಯಿರಿ. ಕೊಳೆತ ಮರವನ್ನೂ ಎಸೆಯಬೇಡಿ. ಅದೇ ನಿಮಗೆ ಅಳತೆ ಪಟ್ಟಿ. ವಿಶೇಷವಾಗಿ ಮುಂದಿನ ಮತ್ತು ಹಿಂದಿನ ಬಾಗಿದ ತುಂಡುಗಳನ್ನು ಹಾರ್ಡ್‌ಬೋರ್ಡಿನ ಮೇಲಿಟ್ಟು ಗೆರೆ ಎಳೆದು ಇಟ್ಟುಕೊಳ್ಳಿ.

ಮರ ಯಾವುದು ಅಂತ ಕೇಳಿದ್ದೀರಿ. ತೇಗ ಒಳ್ಳೆಯದೇ, ಆದರೆ ದುಬಾರಿ. ಚೆನ್ನಾಗಿ ಒಣಗಿದ ಸಿಲ್ವರ್ ಓಕ್ ಹಗುರ, ಕೊಡಗಿನ ತೋಟಗಳಿಂದ ಬರುವುದರಿಂದ ನಮ್ಮ ಕಡೆ ಸುಲಭವಾಗಿ ಸಿಗುತ್ತದೆ. ಅದಕ್ಕೆ ಹುಳ ಹಿಡಿಯುತ್ತದೆ, ಹಾಗಾಗಿ ಕತ್ತರಿಸಿದ ಮೇಲೆ ಎಲ್ಲ ಮುಖಕ್ಕೂ, ತುದಿಗಳಿಗೂ ಗೆದ್ದಲು ಔಷಧಿ ಬಳಿದು ಒಣಗಿಸಿಯೇ ಕೂರಿಸಿ. ನೆಲ, ಬಾಗಿಲ ಬುಡದಂಥ ನೀರು ತಗಲುವ ಕಡೆ ಮಾತ್ರ ತೇಗ ಬಳಸಿದರೂ ಸಾಕು. ನೆಲದ ಪ್ಲೈ ಐಎಸ್ 710 ಗುರುತಿನ ಮೆರೈನ್ ದರ್ಜೆಯದು ಇರಲಿ. ಒಳಗೋಡೆಗೆ ಐಎಸ್ 303ರ ಬಿಡಬ್ಲ್ಯೂಆರ್, ಅಂದರೆ ಕುದಿನೀರು ತಡೆಯುವ ದರ್ಜೆ ನಡೆಯುತ್ತದೆ. ದಪ್ಪದ ಲೆಕ್ಕ ಮಾತ್ರ ಬಡಗಿಗೆ ಕೂತು ತಿಳಿಸಿ. 8 ಅಡಿಗೆ 4 ಅಡಿಯ 18 ಮಿ.ಮೀ. ಪ್ಲೈ ಒಂದೇ ಹಾಳೆ ಸುಮಾರು 35 ಕೆಜಿ ತೂಗುತ್ತದೆ. 6 ಮಿ.ಮೀ. ಹಾಳೆ 12 ಕೆಜಿ ಆಸುಪಾಸು. ಮಂಚ, ಕಪಾಟು, ಅಡುಗೆ ಕಟ್ಟೆ ಎಲ್ಲಕ್ಕೂ ಮನೆ ಫರ್ನಿಚರ್ ಥರ 18 ಹಾಕಿದರೆ ಗಾಡಿಗೆ ಒಂದೆರಡು ಕ್ವಿಂಟಲ್ ಸುಮ್ನೆ ಏರುತ್ತದೆ. ಹಳೇ ಕಪಾಟು ಹೇಗಿದೆ ನೋಡಿ: ತೆಳು ರೀಪರ್ ಚೌಕಟ್ಟು, ಮೇಲೆ ತೆಳು ಪ್ಲೈ. ಅದನ್ನೇ ಮಾಡಿಸಿ.

ಛಾಸಿ ವಿಷಯದಲ್ಲೂ ಅದೇ. ಮಂಡ್ಯ, ಪಾಂಡವಪುರ ಕಡೆ ಟ್ರೇಲರ್ ಕಟ್ಟುವವರ ಕೈ ಬಲು ಗಟ್ಟಿ. ಆಕ್ಸಲ್ ನೇರ ಮಾಡುವುದು, ಹಬ್ ಬೇರಿಂಗ್ ಹೊಂದಿಸುವುದು, ಪ್ಲೇಟ್ ಸೆಟ್ (ಸ್ಪ್ರಿಂಗ್ ಪಟ್ಟಿಗಳ ಕಟ್ಟು) ಬಿಚ್ಚಿ ಕಟ್ಟುವುದು, ಇದಕ್ಕೆ ಅವರನ್ನು ಬಿಟ್ಟರೆ ಇಲ್ಲ. ಆದರೆ ಟನ್‌ಗಟ್ಟಲೆ ಕಬ್ಬು ಹೊರುವ ಲೆಕ್ಕ ಅವರ ಮನಸ್ಸಿನಲ್ಲಿರುತ್ತದೆ. ಸಣ್ಣ ಕ್ಯಾರವಾನಿಗೆ ಆ ಚಾನೆಲ್ ಹಾಕಿದರೆ ನಿಮ್ಮ ಕಾರು ಎಳೆಯುವುದಿಲ್ಲ. ತುಕ್ಕು ಉಜ್ಜಿ, ಸುತ್ತಿಗೆಯಿಂದ ತಟ್ಟಿ ನೋಡಿ. ಟಣ್ ಅಂದರೆ ಕಬ್ಬಿಣ ಇದೆ. ಮಂಕಾಗಿ ಸದ್ದು ಬಂದು ಪದರ ಉದುರಿದರೆ ಅಷ್ಟು ಭಾಗ ಮಾತ್ರ ಕತ್ತರಿಸಿ ಅದೇ ಅಳತೆಯ ಹೊಸ ತುಂಡು ಬೆಸೆಯಲಿ. ಮುಂದಿನ ಎಳೆಯುವ ಕವೆ ಮತ್ತು ಸ್ಪ್ರಿಂಗ್ ಕೂರುವ ಜಾಗದಲ್ಲಿ ಬಿರುಕಿದ್ದರೆ ಮಾತ್ರ ಯಾವ ರಾಜಿಯೂ ಬೇಡ, ತಿಳಿದವರ ಕೈಯಲ್ಲೇ ಮಾಡಿಸಿ. ಆಮೇಲೆ ರೆಡ್ ಆಕ್ಸೈಡ್ ಪ್ರೈಮರ್, ಅದರ ಮೇಲೆ ಎನಾಮಲ್. ಕಬ್ಬಿಣ ಮತ್ತು ಅಲ್ಯೂಮಿನಿಯಂ ನೇರವಾಗಿ ತಗಲದಂತೆ ನಡುವೆ ಟೇಪೋ ರಬ್ಬರ್ ಪಟ್ಟಿಯೋ ಇರಲಿ. ಎರಡು ಲೋಹದ ನಡುವೆ ತೇವ ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ತಿಂದುಹೋಗುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಕೆಲಸ, ಸೋರಿಕೆ ನಿಲ್ಲಿಸುವುದು. ಅಂಗಡಿಯಲ್ಲಿ ಎಲ್ಲರೂ ಸಿಲಿಕೋನ್ ಟ್ಯೂಬ್ ಕೈಗೆ ಕೊಡುತ್ತಾರೆ. ದಯವಿಟ್ಟು ಬೇಡ. ಅದರ ಮೇಲೆ ಬಣ್ಣ ಕೂರುವುದಿಲ್ಲ. ಒಂದು ಸಲ ಬಳಿದ ಜಾಗದಲ್ಲಿ ಆಮೇಲೆ ಬೇರೆ ಯಾವ ಸೀಲೆಂಟೂ ಹಿಡಿಯುವುದಿಲ್ಲ. ಮೇಲಿನಿಂದ ಬಳಿದು ಮುಚ್ಚುವುದೇ ತಪ್ಪು ದಾರಿ. ಮೂಲೆಯ ಬೀಡಿಂಗ್, ಕಿಟಕಿ ಚೌಕಟ್ಟು, ಚಾವಣಿ ಗಾಳಿಕಿಂಡಿ ಇವನ್ನೆಲ್ಲ ಪೂರ್ತಿ ಬಿಚ್ಚಿ, ಹಳೇ ಅಂಟು ಕೆರೆದು, ಅಡಿಗೆ ಬ್ಯುಟೈಲ್ ಟೇಪ್ ಹಾಕಿ ಮತ್ತೆ ಕೂರಿಸಬೇಕು. ಆ ಟೇಪ್ ಗಟ್ಟಿಯಾಗುವುದಿಲ್ಲ, ಗಾಡಿ ಅಲುಗಿದರೂ ಜೊತೆಗೇ ಅಲುಗುತ್ತದೆ. ಬಿಗಿ ಮಾಡಿದಾಗ ಪಕ್ಕಕ್ಕೆ ಉಬ್ಬಿ ಬಂದಿದ್ದನ್ನು ಕತ್ತರಿಸಿದರಾಯಿತು. ಅಂಚಿಗೆ ಬೇಕಾದರೆ ಪಿಯು (ಪಾಲಿಯುರೆಥೇನ್) ಸೀಲೆಂಟ್ ಎಳೆಯಿರಿ. ಕಾರಿನ ಮುಂದಿನ ಗಾಜು ಕೂರಿಸುವ ಅಂಗಡಿಗಳಲ್ಲಿ ಇದರ ಪರಿಚಯ ಇರುತ್ತದೆ. ಸ್ಕ್ರೂ ಎಲ್ಲ ಸ್ಟೇನ್‌ಲೆಸ್ ಇರಲಿ. ಚಾವಣಿಗೆ ಸಾಧಾರಣ ಪಾಪ್ ರಿವೆಟ್ ಹೊಡೆದರೆ ಅದರ ನಡುವಿನ ತೂತಿನಲ್ಲೇ ನೀರು ಇಳಿಯುತ್ತದೆ. ತುದಿ ಮುಚ್ಚಿದ (ಕ್ಲೋಸ್ಡ್ ಎಂಡ್) ರಿವೆಟ್ ಕೇಳಿ, ಸೀಲೆಂಟಿನಲ್ಲಿ ಅದ್ದಿ ಹೊಡೆಯಿರಿ.

ಪರೀಕ್ಷೆಗೆ ಪೈಪಿನಲ್ಲಿ ನೀರು ಬಿಡುವಾಗ ಕೆಳಗಿನಿಂದ ಶುರು ಮಾಡಿ, ಸಣ್ಣ ಧಾರೆಯಲ್ಲಿ ಒಂದೊಂದೇ ಕೀಲು ಏರುತ್ತಾ ಹೋಗಿ. ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂತಿರಲಿ. ಮೇಲಿನಿಂದ ಸುರಿದರೆ ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ. ಇನ್ನೂ ಖಚಿತವಾಗಬೇಕಾದರೆ ಕಿಟಕಿ ಬಾಗಿಲು ಮುಚ್ಚಿ, ಒಂದು ಕಿಂಡಿಯಿಂದ ಬ್ಲೋವರ್‌ನಲ್ಲಿ ಒಳಗೆ ಗಾಳಿ ತುಂಬಿ, ಹೊರಗೆ ಕೀಲುಗಳಿಗೆ ಸೋಪಿನ ನೀರು ಬಳಿಯಿರಿ. ತೂತು ಇರುವ ಕಡೆ ಗುಳ್ಳೆ ಏಳುತ್ತದೆ.

ಇದಕ್ಕೇ ದಸರಾಕ್ಕೆ ಬಣ್ಣ ಬೇಡ ಅಂದಿದ್ದು. ನಮ್ಮ ಮೈಸೂರು ಮಂಡ್ಯ ಕಡೆ ಸೆಪ್ಟೆಂಬರ್, ಅಕ್ಟೋಬರ್ ಮಳೆಯೇ ಜೋರು. ಆ ಮಳೆ ನಿಮಗೆ ಪುಕ್ಕಟೆ ಪರೀಕ್ಷೆ. ಆಯುಧಪೂಜೆಗೆ ಗಾಡಿ ತೊಳೆದು, ಹೂವು ಹಾಕಿ, ಚಕ್ರಕ್ಕೆ ನಿಂಬೆಹಣ್ಣು ಇಡಿ. ಹಿಂಗಾರು ಮುಗಿಯುವವರೆಗೆ ಒಳಗೋಡೆ ಮುಚ್ಚಬೇಡಿ. ಒಳಗೆ ಒಂದು ಹನಿಯೂ ಕಾಣದಿದ್ದರೆ ಜನವರಿ, ಫೆಬ್ರವರಿಯ ಒಣ ಹವೆಯಲ್ಲಿ ಬಣ್ಣ ಹೊಡೆಸಿ. ಅಲ್ಯೂಮಿನಿಯಂ ಮೇಲೆ ಬರೀ ಎನಾಮಲ್ ಹೊಡೆದರೆ ಸಿಪ್ಪೆ ಏಳುತ್ತದೆ. ಮೊದಲು ಎಚ್ (etch) ಪ್ರೈಮರ್, ಅಂದರೆ ಲೋಹವನ್ನು ಸ್ವಲ್ಪ ಕೊರೆದು ಕಚ್ಚಿ ಹಿಡಿಯುವ ಪ್ರೈಮರ್, ಬೇಕೇ ಬೇಕು. ಚಾವಣಿ ಬಿಳಿ ಇದ್ದರೆ ಬೇಸಿಗೆಯಲ್ಲಿ ಒಳಗೆ ಕೂರಬಹುದು. ಗೋಡೆಯೊಳಗೆ ಥರ್ಮಾಕೋಲ್ ತುಂಬುವುದಾದರೆ ರಬ್ಬರ್ ಅಂಟು ಹಾಕಬೇಡಿ, ಅದು ಥರ್ಮಾಕೋಲನ್ನೇ ಕರಗಿಸುತ್ತದೆ. ಮರಕ್ಕೆ ಬಳಸುವ ಬಿಳಿ ಅಂಟು ಸಾಕು.

ಕರೆಂಟ್, ಗ್ಯಾಸ್ ಚುಟುಕಾಗಿ ಹೇಳುತ್ತೇನೆ. ಹಳೇ ವೈರ್ ಒಂದನ್ನೂ ಉಳಿಸಿಕೊಳ್ಳಬೇಡಿ. ಮನೆ ಇನ್ವರ್ಟರಿನ 150 ಎಎಚ್ ಬ್ಯಾಟರಿ 50 ಕೆಜಿ ದಾಟುತ್ತದೆ. 100 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಅದರ ಕಾಲುಭಾಗದಷ್ಟೇ ತೂಕ. ದುಡ್ಡು ಜಾಸ್ತಿ, ಆದರೆ ಇಲ್ಲಿ ಖರ್ಚು ಮಾಡುವುದು ಸರಿ. ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಬೇಕು. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಹಾಗಾಗಿ ನೆಲದ ಮಟ್ಟದಲ್ಲಿ ಹೊರಗೆ ಹೋಗುವ ಕಿಂಡಿ ಬಿಡಲೇಬೇಕು. ಅದಕ್ಕೆ ಸ್ಟೀಲ್ ಜಾಲರಿ ಹಾಕಿ, ಇಲ್ಲದಿದ್ದರೆ ಗದ್ದೆ ಇಲಿ ಒಳಗೆ ಬರುತ್ತದೆ. 5 ಕೆಜಿ ಸಿಲಿಂಡರ್ ಸಾಕು, ಅಡುಗೆ ಹೊರಗೆ ಮಾಡಿದರೆ ಇನ್ನೂ ಒಳ್ಳೆಯದು.

ಎಳೆಯುವ ಮುಂಚೆ ಕಪ್ಲಿಂಗ್ ನೋಡಿ, ಅಂದರೆ ಕಾರಿನ ಹಿಂದಿನ ಕಬ್ಬಿಣದ ಬಾಲ್ ಮೇಲೆ ಕೂರುವ ಗಾಡಿಯ ಕೊಂಡಿ. ಹಳೇ ಗಾಡಿಗಳ ಕಪ್ಲಿಂಗ್ ಸಾಮಾನ್ಯವಾಗಿ 2 ಇಂಚಿನ ಬಾಲ್‌ಗೆ ಇರುತ್ತದೆ, ಅಂದರೆ 50.8 ಮಿ.ಮೀ. ಈಗ ಸಿಗುವ ಎಷ್ಟೋ ಬಾಲ್ 50 ಮಿ.ಮೀ. ಕಣ್ಣಿಗೆ ಒಂದೇ ಥರ, ಆದರೆ ಸಡಿಲ ಇರುತ್ತದೆ, ಗುಂಡಿಯಲ್ಲಿ ಎಗರಿ ಕಳಚಬಹುದು. ಬಾಲ್, ಕಪ್ಲಿಂಗ್ ಒಂದೇ ಅಳತೆಯ ಜೋಡಿ ಇರಲಿ, ಜೊತೆಗೆ ಸೇಫ್ಟಿ ಸರಪಳಿ. ಬ್ರಿಟನ್ನಿನ ಹಳೇ ಗಾಡಿಗಳಿಗೆ ಓವರ್‌ರನ್ ಬ್ರೇಕ್ ಇರುತ್ತದೆ. ಕಾರು ನಿಧಾನವಾದಾಗ ಹಿಂದಿನ ಗಾಡಿ ಮುಂದಕ್ಕೆ ತಳ್ಳಿ, ಆ ತಳ್ಳಿಕೆಯೇ ರಾಡ್ ಮೂಲಕ ಬ್ರೇಕ್ ಹಿಡಿಸುತ್ತದೆ. ರಿವರ್ಸ್ ತೆಗೆಯುವಾಗ ಹಳೆಯದರಲ್ಲಿ ಅದನ್ನು ಕೈಯಿಂದ ಲಾಕ್ ಮಾಡಬೇಕಾಗುತ್ತದೆ, ಇಲ್ಲದಿದ್ದರೆ ಹಿಂದಕ್ಕೇ ಹೋಗುವುದಿಲ್ಲ.

ಎಲ್ಲ ಮುಗಿದ ಮೇಲೆ ವೇಬ್ರಿಡ್ಜಿಗೆ ಒಯ್ದು ತೂಗಿಸಿ. ಮಂಡ್ಯ ಸುತ್ತ ಅದಕ್ಕೇನು ಕೊರತೆಯಿಲ್ಲ. ಹಿಚ್ ಮೇಲೆ, ಅಂದರೆ ಕಾರಿನ ಎಳೆಯುವ ಕೊಂಡಿಯ ಮೇಲೆ, ಬೀಳುವ ಭಾರ ಒಟ್ಟು ತೂಕದ ನೂರಕ್ಕೆ 7ರಿಂದ 10 ಭಾಗ ಇರಲಿ. 800 ಕೆಜಿ ಗಾಡಿಗೆ 56ರಿಂದ 80 ಕೆಜಿ. ನಿಮ್ಮ ಕಾರಿನ ಹಿಚ್ ಅಷ್ಟು ತಡೆಯುತ್ತದಾ ಅಂತಲೂ ನೋಡಿಕೊಳ್ಳಿ. ಹಿಂಭಾಗ ಭಾರವಾದರೆ ಓಡುವಾಗ ಗಾಡಿ ಅತ್ತಿತ್ತ ಬೀಸಿ ಕಾರನ್ನೂ ಎಳೆದುಕೊಂಡು ಹೋಗುತ್ತದೆ. ಆದ್ದರಿಂದ ನೀರಿನ ಕ್ಯಾನ್, ಬ್ಯಾಟರಿ ಆಕ್ಸಲ್ ಹತ್ತಿರವೇ ಇರಲಿ. ಊಟಿಗೆ ಮಸಿನಗುಡಿ ದಾರಿಯಲ್ಲಿ ಹೋಗುವ ಯೋಚನೆ ಬಿಡಿ, ಆ ಕಡಿದಾದ ತಿರುವುಗಳು ಇದಕ್ಕಲ್ಲ. ಮೇಲುಕೋಟೆ, ಕೆಆರ್‌ಎಸ್ ಕಡೆ ಹೋಗಿ ಬಂದು ಗಾಡಿಯ ನಡತೆ ತಿಳಿದುಕೊಳ್ಳಿ. ಓಡುವಾಗ ಒಳಗೆ ಯಾರೂ ಕೂರಬಾರದು, ಮಕ್ಕಳು ಎಷ್ಟೇ ಹಟ ಮಾಡಲಿ.

ನಿಲ್ಲಿಸಲು ತಗಡಿನ ಶೆಡ್ ಮಾಡಿ, ಸುತ್ತ ಗಾಳಿ ಆಡಲಿ. ಟಾರ್ಪಾಲ್ ಸುತ್ತಿದರೆ ಒಳಗೇ ಬೆವರುತ್ತದೆ. ತೆಂಗಿನ ಮರದ ಕೆಳಗಂತೂ ಬೇಡವೇ ಬೇಡ.

ಲಾರಿಗೆ ಏರಿಸುವ ಮುಂಚೆ ನಾಲ್ಕು ಫೋಟೊ ಇಲ್ಲಿ ಹಾಕಿ ಸರ್: ಕಪ್ಲಿಂಗ್, ಛಾಸಿ ನಂಬರ್ ತಟ್ಟೆ, ಬಾಗಿಲ ಬುಡ, ಚಾವಣಿಯ ಹಿಂದಿನ ಅಂಚು. ಬಾಗಿಲು ಯಾವ ಪಕ್ಕ ಇದೆ ಅಂತಲೂ ಬರೆಯಿರಿ. ಎಡಕ್ಕಿದ್ದರೆ ಬಹುಶಃ ಬ್ರಿಟನ್ ಮಾದರಿ. ಬಲಕ್ಕಿದ್ದರೆ ಅಮೆರಿಕದ್ದಿರಬಹುದು, ಆಗ ರಸ್ತೆ ಬದಿಯಲ್ಲಿ ನಿಲ್ಲಿಸಿದಾಗ ವಾಹನ ಓಡಾಡುವ ಕಡೆಗೇ ಇಳಿಯಬೇಕಾಗುತ್ತದೆ. ನಂಬರ್ ತಟ್ಟೆಯ ಅಕ್ಷರಗಳನ್ನು ಇಲ್ಲಿ ಮರೆಮಾಡಿ, ಉಳಿದದ್ದು ಕಂಡರೆ ಸಾಕು.