ವನ್ಯಧಾಮದೊಳಗೆ ಗ್ಯಾಸ್ ತೆಗೆಯಲು ಸ್ಥಳೀಯ ಸರ್ಕಾರವೇ ಯಾಕೆ ಬೆಂಬಲ ಕೊಡುತ್ತದೆ?

ಮನೆ ಬೆಚ್ಚಗಿಡಲು ಗ್ಯಾಸ್ ಬೇಕು, ಊರು ನಡೆಸಲು ತೆರಿಗೆ ಬೇಕು. ಮುಖ್ಯ ಕಾರಣ ಇಷ್ಟೇ. ಅಲಾಸ್ಕಾದ ಕೆನಾಯ್ ವನ್ಯಧಾಮವನ್ನೇ ನೋಡಿ. ಅಲ್ಲಿ ಚಳಿಗಾಲದಲ್ಲಿ ಹೊರಗಿಟ್ಟ ನೀರು ಕಲ್ಲಾಗುತ್ತದೆ. ಮನೆ ಕಾಯಿಸುವುದೂ, ಕರೆಂಟ್ ಬರುವುದೂ ಹೆಚ್ಚಾಗಿ ಹತ್ತಿರದಲ್ಲೇ ಸಿಗುವ ಗ್ಯಾಸಿನಿಂದ. ಹತ್ತಿರದ ನಿಕಿಸ್ಕಿ ಊರಿನ ದೊಡ್ಡ ಗೊಬ್ಬರ ಕಾರ್ಖಾನೆ 2007ರಲ್ಲಿ ಗ್ಯಾಸ್ ಸಾಲದೆ ಬಾಗಿಲು ಹಾಕಿತು. ಗ್ಯಾಸ್ ಬಾವಿ, ಪೈಪುಗಳ ಮೇಲಿನ ಆಸ್ತಿ ತೆರಿಗೆಯಿಂದ ಶಾಲೆಗಳಿಗೂ ಹಣ ಹೋಗುತ್ತದೆ.

ಆದರೆ ವನ್ಯಧಾಮದಲ್ಲಿ ಅದು ಹೇಗೆ ಸಾಧ್ಯ ಅಂತ ಕೇಳ್ತೀರಿ, ಅಲ್ವಾ? ಗುಟ್ಟು ಇಲ್ಲಿದೆ: ಕೆಲವು ಕಡೆ ಮೇಲಿನ ನೆಲ ಒಬ್ಬರದು, ಕೆಳಗಿನ ಗ್ಯಾಸ್ ಇನ್ನೊಬ್ಬರದು. ನೆಲ ಅಮೆರಿಕದ ಕೇಂದ್ರ ಸರ್ಕಾರದ್ದು. ಗ್ಯಾಸಿನ ಹಕ್ಕು ಅಲ್ಲಿನ ಮೂಲನಿವಾಸಿಗಳ ಕಂಪನಿಯಾದ ಕುಕ್ ಇನ್ಲೆಟ್ ರೀಜನ್‌ನದು. ಹಕ್ಕಿದ್ದವರಿಗೆ ದಾರಿ ಬಿಡಲೇಬೇಕು ಎಂದು 1980ರ ಅಲಾಸ್ಕಾ ಭೂಮಿ ಕಾನೂನು ಹೇಳುತ್ತದೆ. ಹಾಗಾಗಿ ವಾದ ನಡೆಯುವುದು ಜಾಸ್ತಿ ರಸ್ತೆ ಎಲ್ಲಿ, ಹೇಗೆ ಎಂಬುದರ ಮೇಲೆ. ಜೊತೆಗೆ, 1957ರಲ್ಲೇ ಇಲ್ಲಿನ ಸ್ವಾನ್ಸನ್ ನದಿ ಬಳಿ ಎಣ್ಣೆ ಸಿಕ್ಕಿತ್ತು. ಅಲ್ಲಿಯವರಿಗೆ ಬಾವಿ ಹೊಸದಲ್ಲ.

ನನಗೆ ಅವರ ಚಳಿ ಅರ್ಥವಾಗುತ್ತದೆ. ಆದರೂ ಭಯವಿದೆ. 1941ರಲ್ಲಿ ಈ ಕಾಡನ್ನು ಕಾಯ್ದಿಟ್ಟದ್ದೇ ಮೂಸ್ ಎಂಬ ಭಾರೀ ಜಿಂಕೆಗಾಗಿ. ಜೌಗು ನೆಲಕ್ಕೆ ರಸ್ತೆಗಾಗಿ ಒಮ್ಮೆ ಜಲ್ಲಿ ಸುರಿದರೆ ಅದು ಸುಲಭಕ್ಕೆ ಮೊದಲಿನಂತಾಗುವುದಿಲ್ಲ.