ಹೆರಿಗೆ ಮನೆಗೆ ಬೀಗಮುದ್ರೆ ಬಿದ್ದ ಮೇಲೆ

ಮಾನ್ಯರೆ,

ಮುಧೋಳದಿಂದ ಬರೆದ ನಿಮ್ಮ ಪತ್ರದಲ್ಲಿ ಎರಡು ಮಾತುಗಳಿವೆ. ಪಕ್ಕದ ಊರಿನ ಬಾಡಿಗೆ ಮನೆಯಲ್ಲಿ ನರ್ಸ್ ಒಬ್ಬರು ನಡೆಸುತ್ತಿದ್ದ ‘ಸಹಜ ಹೆರಿಗೆ ಕೇಂದ್ರ’ಕ್ಕೆ ಅಧಿಕಾರಿಗಳು ಬೀಗಮುದ್ರೆ ಹಾಕಿದ ತಿಂಗಳೊಳಗೆ ಅದು ಬೇರೆ ಬೋರ್ಡು ತೂಗುಹಾಕಿಕೊಂಡು ಮತ್ತೆ ತೆರೆಯಿತು ಎಂಬುದು ಒಂದು. ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಕೊಟ್ಟ ಸರ್ಕಾರ ಇಂಥವರಿಂದ ಲೈಸೆನ್ಸ್ ಕೇಳುವುದು ನ್ಯಾಯವೇ ಎಂಬ ಪ್ರಶ್ನೆ ಇನ್ನೊಂದು.

ಪ್ರಶ್ನೆಗೆ ಮೊದಲು ಉತ್ತರಿಸುತ್ತೇವೆ. ಕರೆದವರ ಮನೆಗೇ ಹೋಗಿ, ಕಾಸು ಕೇಳದೆ ಹೆರಿಗೆ ಮಾಡಿಸಿದ ತಾಯಿಯ ಹೆಸರನ್ನು, ಹಾಸಿಗೆ ಹಾಕಿ ಶುಲ್ಕ ಪಡೆಯುವವರ ರಕ್ಷಣೆಗೆ ತರುವುದು ಆ ತಾಯಿಗೇ ಮಾಡುವ ಅನ್ಯಾಯ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007, ಹೆರಿಗೆ ಮನೆಯನ್ನೂ ಹೆಸರಿಸಿಯೇ ತನ್ನ ವ್ಯಾಪ್ತಿಗೆ ತಂದುಕೊಂಡಿದೆ. ಬೋರ್ಡಿನ ಮೇಲೆ ‘ಸಹಜ’ ಎಂದು ಬರೆದ ಮಾತ್ರಕ್ಕೆ ನೋಂದಣಿಯ ಹೊಣೆ ತಪ್ಪುವುದಿಲ್ಲ.

ವೈದ್ಯರಿಲ್ಲದ ಹೆರಿಗೆಯೆಲ್ಲ ಅಪರಾಧವೆಂದು ನಾವು ಹೇಳುತ್ತಿಲ್ಲ. ನರ್ಸುಗಳಿಗೆ 18 ತಿಂಗಳ ಸೂಲಗಿತ್ತಿ ತರಬೇತಿ ಕೊಟ್ಟು, ಸಹಜ ಹೆರಿಗೆಯ ಹೊಣೆಯನ್ನು ಅವರಿಗೇ ವಹಿಸುವ ಮಾರ್ಗಸೂಚಿಯನ್ನು ಕೇಂದ್ರ ಸರ್ಕಾರವೇ 2018ರಲ್ಲಿ ಹೊರಡಿಸಿತು. ಆದರೆ ಅಂಥ ಘಟಕಗಳಿಗೆ ಅದು ತೋರಿಸಿದ ಜಾಗ ಆಸ್ಪತ್ರೆಯ ಮಗ್ಗುಲು, ಊರಾಚೆಯ ಬಾಡಿಗೆ ಮನೆಯಲ್ಲ. ಹೆರಿಗೆಯ ನಂತರ ಅತಿಯಾಗಿ ರಕ್ತ ಹೋಗತೊಡಗಿದರೆ, ಚಿಕಿತ್ಸೆ ಸಿಗದ ಬಾಣಂತಿ ಎರಡು ಗಂಟೆಯೊಳಗೇ ಸಾಯಬಹುದು. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಸಾಲು ದಾಟಿ ರಕ್ತನಿಧಿ ಇರುವ ಆಸ್ಪತ್ರೆ ಮುಟ್ಟಲು ಎಷ್ಟು ಹೊತ್ತು ಬೇಕೆಂಬುದು ನಮಗಿಂತ ನಿಮಗೇ ಚೆನ್ನಾಗಿ ಗೊತ್ತು. ಪರಿಶೀಲನೆಗೆ ಬಂದವರು ಗೋಡೆಯ ಸುಣ್ಣವನ್ನೂ ಹಾಸಿಗೆಯ ಅಂತರವನ್ನೂ ಅಳೆಯುವ ಮೊದಲು ಈ ದಾರಿಯನ್ನು ಅಳೆಯಬೇಕು. ಯಾವ ಬಾಣಂತಿಯನ್ನು ಎಷ್ಟು ಗಂಟೆಗೆ ಎಲ್ಲಿಗೆ ಕಳುಹಿಸಿದರೆಂಬ ದಾಖಲೆಯನ್ನು ಕೇಳಬೇಕು.

ಇನ್ನು ಬೀಗದ ಮಾತು. ಬೀಗಮುದ್ರೆ ಬೀಳುವುದು ಕಟ್ಟಡಕ್ಕೆ; ನಡೆಸುವವರ ಮೇಲೆ ಮೊಕದ್ದಮೆ ದಾಖಲಾಗದಿದ್ದರೆ ಅವರು ಇನ್ನೊಂದು ಬೀದಿಯಲ್ಲಿ ಮನೆ ಹುಡುಕುತ್ತಾರೆ, ಅಷ್ಟೇ. ಅಲ್ಲಿ ಹೆಸರು ಬರೆಸಿದ್ದ ತುಂಬು ಗರ್ಭಿಣಿಯರು ಮರುದಿನ ಎಲ್ಲಿಗೆ ಹೋದರೆಂದು ಆಶಾ ಕಾರ್ಯಕರ್ತೆಯರ ಮೂಲಕ ವಿಚಾರಿಸದ ದಾಳಿಯನ್ನು ನಾವು ಅರ್ಧ ಕೆಲಸವೆಂದೇ ಎಣಿಸುತ್ತೇವೆ.

ನೋಂದಣಿ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿಗಳು ಸದಸ್ಯ ಕಾರ್ಯದರ್ಶಿ. ಐದು ವರ್ಷದ ಅವಧಿಯ ನೋಂದಣಿ ಪತ್ರ ಕಣ್ಣಿಗೆ ಬೀಳುವಂತೆ ಗೋಡೆಯ ಮೇಲಿರಬೇಕು. ಹೊಸ ಬೋರ್ಡಿನ ಕೆಳಗೆ ಅದು ಕಾಣದಿದ್ದರೆ, ಹಳೆಯ ಹೆಸರು, ಹೊಸ ಹೆಸರು ಎರಡನ್ನೂ ಬರೆದು ಪ್ರಾಧಿಕಾರಕ್ಕೆ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ಅದರ ಪ್ರತಿಯೊಂದನ್ನು ನಮಗೂ ಕಳುಹಿಸಿ.

— ಸಂಪಾದಕ