ಕರುಳಿನ ಉರಿಯೂತ, ವಂಶವಾಹಿ ಮತ್ತು ಪಿಎಚ್.ಡಿ.: ಕಾರ್ಕಳದ ಓದುಗರೊಬ್ಬರಿಗೆ ಉತ್ತರ

ಪ್ರಿಯ ಓದುಗರೇ,

ಕೊಣಾಜೆಯಲ್ಲಿ ಜೀವವಿಜ್ಞಾನದ ಎಂ.ಎಸ್ಸಿ. ಮುಗಿಸಿ ಕಾರ್ಕಳದ ಮನೆಯಲ್ಲಿರುವ ನೀವು, ಕರುಳಿನಲ್ಲಿ ದೀರ್ಘಕಾಲದ ಉರಿಯೂತ ಉಂಟುಮಾಡುವ ಕ್ರೋನ್ಸ್ ಕಾಯಿಲೆಯಿಂದ ಬಳಲುತ್ತಿರುವ ತಮ್ಮನ ಆರೈಕೆ ಮಾಡುತ್ತಲೇ, ಕರುಳಿನ ಉರಿಯೂತಕ್ಕೆ ಕಾರಣವಾಗುವ ವಂಶವಾಹಿಗಳ ಕುರಿತು ಪಿಎಚ್.ಡಿ. ಮಾಡಬೇಕೆಂದು ನಿಶ್ಚಯಿಸಿದ್ದೀರಿ. ಎಂ.ಬಿ.ಬಿ.ಎಸ್. ಓದದವರಿಗೆ ಇದು ಸಾಧ್ಯವೇ, ಊರಿನ ಆಸುಪಾಸಿನಲ್ಲಿ ಮಾಡಬಹುದೇ ಅಥವಾ ವಿದೇಶಕ್ಕೇ ಹೋಗಬೇಕೇ, ಅಷ್ಟು ವರ್ಷ ಖರ್ಚಿಗೆ ದಾರಿಯೇನು ಎಂದು ಕೇಳಿದ್ದೀರಿ. ಬೆಂಗಳೂರಿನಲ್ಲಿ ಕೆಲಸ ಹುಡುಕು ಎನ್ನುವ ತಂದೆಯವರ ಮಾತನ್ನೂ ಬರೆದಿದ್ದೀರಿ. ಹೆಸರು ಬೇಡವೆಂದಿರುವುದರಿಂದ ಪ್ರಕಟಿಸುತ್ತಿಲ್ಲ.

ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಸಾಧ್ಯ. ಈ ಕ್ಷೇತ್ರದಲ್ಲಿ ಜೀವವಿಜ್ಞಾನಿಗಳು, ಸಂಖ್ಯಾಶಾಸ್ತ್ರ ಬಲ್ಲವರು ಮತ್ತು ವೈದ್ಯರು ಒಂದೇ ತಂಡದಲ್ಲಿ ದುಡಿಯುತ್ತಾರೆ. ಆದರೆ ಸಂಸ್ಥೆಯ ಹೆಸರು ಹುಡುಕುವ ಮುನ್ನ, ಯಾವ ಪ್ರಶ್ನೆಯ ಬೆನ್ನು ಹತ್ತಬೇಕೆಂಬುದನ್ನು ನೀವು ತೀರ್ಮಾನಿಸಿಕೊಳ್ಳಬೇಕು. ನಾನು ಹೀಗೆ ಒತ್ತಿ ಹೇಳುವುದಕ್ಕೆ ಕಾರಣ ನಮ್ಮ ಮನೆಯಲ್ಲೇ ಇದೆ.

ನನ್ನ ತಂಗಿಗೆ ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನಲ್ಲಿ ಹುಣ್ಣು ಮಾಡುವ ಉರಿಯೂತ, ಇದೆ. 2012ರ ಮಳೆಗಾಲದಲ್ಲಿ ಅವಳಿಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸಿ ಉರಿಯೂತ ಇಳಿಸುವ ಅಜಾಥಯೋಪ್ರಿನ್ ಮಾತ್ರೆ ಶುರುವಾಯಿತು. ಮೂರನೆಯ ವಾರದ ಒಂದು ಬೆಳಗ್ಗೆ ಅವಳ ದಿಂಬಿನ ತುಂಬ ಕೂದಲು ಗೊಂಚಲು ಗೊಂಚಲಾಗಿ ಉದುರಿ ಬಿದ್ದಿತ್ತು. ಅವಳು ಮುಖ ತೊಳೆದು ಬರುವಷ್ಟರಲ್ಲಿ ಅಮ್ಮ ಅದನ್ನೆಲ್ಲ ಸೆರಗಿಗೆ ಬಳಿದುಕೊಂಡು ಹಿತ್ತಲಿಗೆ ಹೋದದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ರಕ್ತ ಪರೀಕ್ಷಿಸಿದಾಗ ಬಿಳಿ ರಕ್ತಕಣಗಳು ತೀರ ಕುಸಿದಿದ್ದವು. ವೈದ್ಯರು ಆ ಕ್ಷಣವೇ ಮಾತ್ರೆ ನಿಲ್ಲಿಸಿದ್ದರಿಂದ ಅವಳು ಉಳಿದುಕೊಂಡಳು. ಈ ಮದ್ದು ಯಾರಿಗೆ ಒಗ್ಗುವುದಿಲ್ಲ ಎಂದು ಮೊದಲೇ ತಿಳಿಯಲು ಆಗ ಜಗತ್ತಿಗೆ ಗೊತ್ತಿದ್ದದ್ದು ಮುಖ್ಯವಾಗಿ ಟಿಪಿಎಂಟಿ ಎಂಬ ವಂಶವಾಹಿ. ಅದರ ದೋಷ ಯುರೋಪಿನವರಲ್ಲಿ ಹೆಚ್ಚು, ಏಷ್ಯಾದವರಲ್ಲಿ ಕಡಿಮೆ. 2014ರಲ್ಲಿ ಕೊರಿಯಾದ ಸಂಶೋಧಕರು, ತಮ್ಮ ರೋಗಿಗಳಲ್ಲಿ ಟಿಪಿಎಂಟಿ ಸರಿಯಿದ್ದರೂ ರಕ್ತಕಣಗಳು ಏಕೆ ಕುಸಿಯುತ್ತವೆ ಎಂದು ಹುಡುಕುತ್ತ ಹೋಗಿ, ಎನ್‌ಯುಡಿಟಿ15 ಎಂಬ ಬೇರೆಯೇ ವಂಶವಾಹಿಯಲ್ಲಿನ ಒಂದಕ್ಷರದ ವ್ಯತ್ಯಾಸವನ್ನು ಕಂಡುಹಿಡಿದರು. ಅದು ಭಾರತೀಯರಲ್ಲೂ ಅಪರೂಪವಲ್ಲ. ಎಷ್ಟೋ ವರ್ಷಗಳ ಮೇಲೆ ತಂಗಿಯನ್ನು ಪರೀಕ್ಷಿಸಿದಾಗ ಅವಳಲ್ಲೂ ಅದೇ ವ್ಯತ್ಯಾಸ ಕಂಡಿತು. ತಮ್ಮ ಜನರ ರಕ್ತದಲ್ಲಿ ತಾವೇ ಹುಡುಕಿದವರಿಂದ ನಮ್ಮ ಮನೆಯ ಪ್ರಶ್ನೆಗೂ ಉತ್ತರ ಸಿಕ್ಕಿತು.

ಈ ಕ್ಷೇತ್ರದ ಉಳಿದ ಕಥೆಯೂ ಹೀಗೆಯೇ ಇದೆ. 2001ರಲ್ಲಿ ಕ್ರೋನ್ಸ್ ಕಾಯಿಲೆಗೆ ಸಂಬಂಧಿಸಿದ ಮೊದಲ ವಂಶವಾಹಿ ನಾಡ್2, 16ನೆಯ ವರ್ಣತಂತುವಿನಲ್ಲಿ ಸಿಕ್ಕಿತು. 2012ರ ಹೊತ್ತಿಗೆ, 75,000ಕ್ಕೂ ಹೆಚ್ಚು ರೋಗಿಗಳನ್ನೂ ಆರೋಗ್ಯವಂತರನ್ನೂ ಹೋಲಿಸಿ, ಕರುಳಿನ ಉರಿಯೂತದೊಂದಿಗೆ ನಂಟಿರುವ ಜೀನೋಮಿನ (ಇಡೀ ವಂಶವಾಹಿ ಸಮೂಹದ) 163 ಜಾಗಗಳನ್ನು ಗುರುತಿಸಿದರು. ಇವರಲ್ಲಿ ಹೆಚ್ಚಿನವರು ಯುರೋಪ್ ಮೂಲದವರು. ಅಲ್ಲಿ ಪ್ರಮುಖವಾದ ನಾಡ್2ನ ಮೂರು ವ್ಯತ್ಯಾಸಗಳು ನಮ್ಮ ರೋಗಿಗಳಲ್ಲಿ ಕಾಣಸಿಗುವುದೇ ಅಪರೂಪ. ಹಾಗಾದರೆ ನಿಮ್ಮ ತಮ್ಮನಂಥವರಲ್ಲಿ ಕಾಯಿಲೆಗೆ ದಾರಿ ಮಾಡಿಕೊಟ್ಟದ್ದು ಯಾವುದು? ಉತ್ತರ ಭಾರತದ ಅಲ್ಸರೇಟಿವ್ ಕೊಲೈಟಿಸ್ ರೋಗಿಗಳ ಇಡೀ ಜೀನೋಮನ್ನು ಜಾಲಾಡಿದ ಅಧ್ಯಯನವನ್ನು ದೆಹಲಿ ವಿಶ್ವವಿದ್ಯಾಲಯದವರೂ ಲೂಧಿಯಾನದ ವೈದ್ಯರೂ ಸೇರಿ 2015ರಲ್ಲಿ ಪ್ರಕಟಿಸಿದ್ದಾರೆ. ನಮ್ಮ ಕರಾವಳಿಯಲ್ಲಿ ಮಾಡಬೇಕಾದ ಕೆಲಸ ಬೇಕಾದಷ್ಟಿದೆ.

ಇನ್ನೆರಡು ಪ್ರಶ್ನೆಗಳನ್ನು ಸೂಚಿಸುತ್ತೇನೆ. ಕ್ರೋನ್ಸ್ ಕಾಯಿಲೆಯೂ ಕರುಳಿನ ಕ್ಷಯವೂ ಕೊಲೊನೊಸ್ಕೋಪಿಯಲ್ಲಿ, ಬಯಾಪ್ಸಿಯಲ್ಲಿ ಸಹ ಅವಳಿಗಳಂತೆ ಕಾಣುತ್ತವೆ. ಕ್ಷಯದ ಮದ್ದನ್ನು ತಿಂಗಳುಗಟ್ಟಲೆ ತಿಂದ ಮೇಲೆ ಕ್ರೋನ್ಸ್ ಎಂದು ತಿಳಿದುಬಂದವರು ನಮ್ಮ ದೇಶದಲ್ಲಿ ಬಹಳ ಮಂದಿ. ಇವೆರಡನ್ನು ರಕ್ತದ ಗುರುತುಗಳಿಂದ ಬೇರ್ಪಡಿಸಲಾಗುವುದೇ ಎಂಬುದು ನಮ್ಮಂಥ ದೇಶದವರೇ ಕೇಳಬೇಕಾದ ಪ್ರಶ್ನೆ. ಎರಡನೆಯದು ಎಳೆಯ ಮಕ್ಕಳದು. ಉರಿಯೂತವನ್ನು ತಣಿಸುವ ಐಎಲ್-10 ಎಂಬ ಪ್ರೋಟೀನಿನ ಸಂದೇಶವನ್ನು ಜೀವಕೋಶಕ್ಕೆ ಮುಟ್ಟಿಸುವ ಗ್ರಾಹಕದ ವಂಶವಾಹಿ ತಂದೆತಾಯಿ ಇಬ್ಬರಿಂದಲೂ ಕೆಟ್ಟದ್ದಾಗಿ ಬಂದರೆ ಹಸುಗೂಸುಗಳಲ್ಲೇ ತೀವ್ರ ಉರಿಯೂತ ಕಾಣಿಸಿಕೊಳ್ಳುತ್ತದೆಂದು 2009ರಲ್ಲಿ ತಿಳಿಯಿತು. ಸೋದರ ಸಂಬಂಧದಲ್ಲಿ ಹೆಣ್ಣು ಕೊಟ್ಟು ತರುವ ರೂಢಿ ಇರುವ ನಮ್ಮ ಕಡೆ ಇದನ್ನು ಯಾರಾದರೂ ಶ್ರದ್ಧೆಯಿಂದ ನೋಡಲೇಬೇಕು.

ಇನ್ನು ಸ್ಥಳದ ಮಾತು. ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜೂ ಜೀವವಿಜ್ಞಾನದ ಶಾಲೆಯೂ ಒಂದೇ ವಿಶ್ವವಿದ್ಯಾಲಯದ ಆವರಣದಲ್ಲಿವೆ. ದೇರಳಕಟ್ಟೆಯಲ್ಲಿ ಯೆನೆಪೋಯ ಮತ್ತು ನಿಟ್ಟೆ ವಿಶ್ವವಿದ್ಯಾಲಯಗಳಲ್ಲಿ ಆಸ್ಪತ್ರೆಯ ಜೊತೆಗೇ ಸಂಶೋಧನಾ ಕೇಂದ್ರಗಳಿವೆ. ರೋಗಿಯೂ ಪ್ರಯೋಗಾಲಯವೂ ಹತ್ತಿರವಿರುವುದು ಈ ವಿಷಯಕ್ಕೆ ದೊಡ್ಡ ಅನುಕೂಲ. ಜೀನೋಮಿನ ಕೆಲಸದಲ್ಲೇ ಪಳಗಬೇಕೆಂದರೆ ಹೈದರಾಬಾದಿನ ಸಿಸಿಎಂಬಿ, ದೆಹಲಿಯ ಐಜಿಐಬಿ, ಪಶ್ಚಿಮ ಬಂಗಾಳದ ಕಲ್ಯಾಣಿಯ ಜೀನೋಮ್ ಸಂಸ್ಥೆ ಇವೆ. ವಿದೇಶದಲ್ಲಿ ಕೇಂಬ್ರಿಜ್ ಬಳಿಯ ಸ್ಯಾಂಗರ್ ಸಂಸ್ಥೆ, ಜರ್ಮನಿಯ ಕೀಲ್, ನೆದರ್ಲೆಂಡ್ಸಿನ ಗ್ರೋನಿಂಗನ್ ಈ ಕಾಯಿಲೆಯ ವಂಶವಾಹಿ ಸಂಶೋಧನೆಗೆ ಹೆಸರಾಗಿವೆ. ಹೊರಗೆ ಹೋಗಬೇಡಿ ಎನ್ನುವುದಿಲ್ಲ. ಆದರೆ ಅಲ್ಲಿ ಕೂತು ಇಲ್ಲಿನ ರೋಗಿಗಳ ಮಾದರಿಗಳ ಮೇಲೆ ಕೆಲಸ ಮಾಡುವುದಾದರೆ ನಮ್ಮ ಸರ್ಕಾರದ ಅನುಮತಿಗಳು ಬೇಕಾಗುತ್ತವೆ, ಅವಕ್ಕೆ ಸಮಯ ಹಿಡಿಯುತ್ತದೆ; ಆದ್ದರಿಂದ ಪಿಎಚ್.ಡಿ. ಇಲ್ಲಿ ಮುಗಿಸಿ ಮುಂದಿನ ತರಬೇತಿಗೆ ಅಲ್ಲಿಗೆ ಹೋಗುವುದೇ ಲೇಸೆಂದು ನನ್ನ ಅಭಿಪ್ರಾಯ.

ಖರ್ಚಿನ ವಿಷಯವನ್ನು ತಂದೆಯವರಿಗೆ ಹೀಗೆ ವಿವರಿಸಿ. ಸಿಎಸ್‌ಐಆರ್-ನೆಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಐಸಿಎಂಆರ್ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ ಜೆಆರ್‌ಎಫ್ ಪರೀಕ್ಷೆಗಳೂ ಇವೆ. 2022ರ ಯುಜಿಸಿ ನಿಯಮದಂತೆ ಎಂ.ಎಸ್ಸಿ.ಯಲ್ಲಿ ಶೇ. 55 ಅಂಕ ಬೇಕು, ಮೀಸಲು ವರ್ಗದವರಿಗೆ ಶೇ. 5 ರಿಯಾಯಿತಿ ಇದೆ. ಅವಧಿ ಕನಿಷ್ಠ 3 ವರ್ಷ. ಪರೀಕ್ಷೆಗೆ ಓದುತ್ತಿರುವಾಗಲೇ ಕಂಪ್ಯೂಟರಿನ ಲಿನಕ್ಸ್ ವ್ಯವಸ್ಥೆ, ಅಂಕಿಗಳನ್ನು ವಿಶ್ಲೇಷಿಸುವ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆ ಮತ್ತು ಸಂಖ್ಯಾಶಾಸ್ತ್ರ ಕಲಿಯಿರಿ. ಇಂದು ಈ ಸಂಶೋಧನೆಯ ದೊಡ್ಡ ಪಾಲು ಕಂಪ್ಯೂಟರಿನ ಮುಂದೆಯೇ ನಡೆಯುತ್ತದೆ, ಪಿಪೆಟ್ ಹಿಡಿಯುವ ಕೈಗಿಂತ ಅಂಕಿಗಳನ್ನು ಓದಬಲ್ಲ ಕಣ್ಣಿಗೆ ಬೇಡಿಕೆ ಹೆಚ್ಚು.

ಮಾರ್ಗದರ್ಶಕರಿಗೆ ಬರೆಯುವಾಗ ಅವರ ಇತ್ತೀಚಿನ ಎರಡು ಪ್ರಬಂಧಗಳನ್ನಾದರೂ ಓದಿಕೊಂಡಿರಿ, ನಿಮ್ಮ ಪ್ರಶ್ನೆ ಅವುಗಳಿಗೆ ಎಲ್ಲಿ ಕೂಡುತ್ತದೆಂದು ನಾಲ್ಕು ಸಾಲಿನಲ್ಲಿ ಬರೆಯಿರಿ. ಹೊಟ್ಟೆ ಕಾಯಿಲೆಗಳ ವೈದ್ಯರೊಬ್ಬರು ಸಹ-ಮಾರ್ಗದರ್ಶಕರಾಗಲು ಒಪ್ಪಿದ್ದಾರೆಯೇ ಎಂದು ಸಂಕೋಚಪಡದೆ ಕೇಳಿ, ಏಕೆಂದರೆ ರೋಗಿಗಳ ಮಾದರಿ ಬರುವುದು ಅವರ ಮೂಲಕವೇ. ತಮ್ಮನ ರಕ್ತದಿಂದಲೇ ಆರಂಭಿಸುತ್ತೇನೆ ಎಂದು ನೀವು ಬರೆದ ಸಾಲು ನನ್ನ ಮನಸ್ಸನ್ನು ಕಲಕಿತು. ಆದರೂ ಅದನ್ನು ನೀವಾಗಿ ತೆಗೆದುಕೊಳ್ಳಬೇಡಿ. ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಬಂದ ಮೇಲೆ, ಬೇರೊಬ್ಬರು ಅವನಿಗೆ ಎಲ್ಲವನ್ನೂ ವಿವರಿಸಿ, ಬೇಡವೆನ್ನುವ ಹಕ್ಕು ಅವನಿಗಿದೆಯೆಂದು ತಿಳಿಸಿ, ಅವನ ಸಹಿ ಪಡೆಯಲಿ.

— ಸಂಪಾದಕ, ಮಂಗಳೂರು